ಆಚೆ ದಂಡೆಯ ದನಿ

ಖಾಲಾಳ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಬಲಗಿವಿಯಲ್ಲಿ ಬೆಳ್ಳಿಯದೊಂದು ಸಣ್ಣ ರಿಂಗು ಇತ್ತು. ಎಡಗಿವಿಯಲ್ಲಿ ಒಣಗಿದ ಹುಣಸೆ ಸಿಪ್ಪೆಯಂಥ ಎರಡು ಎಳೆ ಜೋತಾಡುತ್ತಿದ್ದವು. ಎಲೆಯಡಿಕೆ ಜಗಿಯುವಾಗ ಆ ಎರಡೂ ಎಳೆಗಳು ಒಂದರ ಹಿಂದೊಂದು ಅಲುಗುತ್ತಿದ್ದವು. ಹೇಗೆ ಹರಿಯಿತೆಂದು ಕೇಳಿದವರಿಗೆ ಆಕೆ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದಳು. ಅಡವಿಯ ಮಂಗ ಎಳೆಯಿತು ಎಂದು ಒಬ್ಬರಿಗೆ, ವಾಡಿ ಸ್ಟೇಷನ್ನಿನಲ್ಲಿ ಕಳ್ಳ ಕಿತ್ತುಕೊಂಡು ಓಡಿದ ಎಂದು ಇನ್ನೊಬ್ಬರಿಗೆ. ನಾನು ಕೇಳಿದಾಗ, "ಹುಟ್ಟಾ ಹಿಂಗೇ ಅದ ನೋಡ್ರಿ ಅಕ್ಕೋರೆ. ನಾ ಹುಟ್ಟೋ ದಿನ ದೇವರ ಕತ್ತರಿ ಮೊಂಡ ಆಗಿತ್ತು" ಎಂದು ನಕ್ಕು ಎದ್ದು ಹೋಗಿದ್ದಳು.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲವದು. ಗುಲ್ಬರ್ಗಾದಲ್ಲಿ ಬಿ.ಎ. ಮುಗಿಸಿದ ನಾನು ಶಹಾಬಾದಿನ ಹೊರಗೆ, ಭಂಕೂರಿನ ದಾರಿಯಲ್ಲಿದ್ದ ಒಂದು ವೃದ್ಧರ ನಿವಾಸಕ್ಕೆ ಮೇಲ್ವಿಚಾರಕಿಯಾಗಿ ಬಂದೆ. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಜಾಗ. ಗೋಡೆ ಫರ್ಸಿ ಕಲ್ಲು, ನೆಲ ಫರ್ಸಿ, ಮೇಲಿನ ಮಾಳಿಗೆಯೂ ಫರ್ಸಿ. ಬೇಸಿಗೆಯಲ್ಲಿ ಮುಸ್ಸಂಜೆಯಾದರೂ ಕಲ್ಲು ಬಿಸಿಯುಸಿರು ಬಿಡುತ್ತಿತ್ತು. ಅಲ್ಲಿದ್ದವರಲ್ಲಿ ಮಕ್ಕಳು ಬಿಟ್ಟು ಹೋದವರಿಗಿಂತ ಮಕ್ಕಳೇ ಇಲ್ಲದವರು ಹೆಚ್ಚು. ರೈಲ್ವೆಯಲ್ಲಿ ಒಂಟಿಯಾಗಿ ದುಡಿದು ಮುದುಕರಾದವರು, ಖಣಿಯಲ್ಲಿ ಕಲ್ಲು ಒಡೆದವರು, ಮನೆಗೆಲಸ ಮಾಡಿ ಬೆನ್ನು ಬಾಗಿಸಿಕೊಂಡ ವಿಧವೆಯರು. ಉಣ್ಣುತ್ತಿದ್ದರು, ಮಲಗುತ್ತಿದ್ದರು, ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಡಾಕ್ಟರು ಬಂದು ಟಾನಿಕ್ಕಿನ ಬಾಟಲಿ ಕೊಟ್ಟು ಹೋಗುತ್ತಿದ್ದರು. ಕೆಲವು ತಿಂಗಳಲ್ಲಿ ನನಗೂ ಅದೇ ಆಯಾಸ ಅಂಟಿತ್ತು. ಯಾರನ್ನಾದರೂ "ಹೇಗಿದ್ದೀರಿ?" ಎಂದು ಕೇಳಲು ಬಾಯಿ ತೆರೆಯುವ ಮೊದಲೇ "ಏನದ, ಇದ್ದೀವಿ" ಎಂಬ ಉತ್ತರ ಕೇಳಿಸಿದಂತಾಗುತ್ತಿತ್ತು.

ಖಾಲಾ ಅಲ್ಲಿಯ ಆಯಾ. ಊರಿನ ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಕಾಲಿಗೆ ಎಣ್ಣೆ ಹಚ್ಚುವುದು ಆಕೆಯ ಕೆಲಸ. ಅದರಲ್ಲಿ ಆಕೆ ಅಂಥ ಚುರುಕೇನೂ ಅಲ್ಲ. ನೀರು ಚೆಲ್ಲುತ್ತಿದ್ದಳು, ಒಬ್ಬರ ಔಷಧಿ ಇನ್ನೊಬ್ಬರ ತಲೆದಿಂಬಿನ ಹತ್ತಿರ ಇಟ್ಟು ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಆದರೆ ಆಕೆಗೆ ಒಂದು ಚಟ ಇತ್ತು. ಮುದುಕರ ಹಳೆಯ ಬದುಕನ್ನು ಅವರ ಎದುರಿಗೇ ತಪ್ಪುತಪ್ಪಾಗಿ ಹೇಳುವುದು.

ವಾಡಿಯ ಅಜ್ಜ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಹಳಿ ಬದಲಿಸಿ ಗಾಡಿಗಳಿಗೆ ದಾರಿ ಕೊಡುವ ಕೆಲಸ. ಕಣ್ಣು ಮಂಜಾದ ಮೇಲೆ ಮಾತೂ ಬಿಟ್ಟಿದ್ದ. ಒಂದು ಮಧ್ಯಾಹ್ನ ಖಾಲಾ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ, ಪಕ್ಕದ ಹಾಸಿಗೆಯ ಚಿಂಚೋಳಿ ಅಜ್ಜಿಗೆ ಕೇಳುವ ಹಾಗೆ ಹೇಳಿದಳು:

"ಈ ಅಜ್ಜ ಇದ್ದಾನಲ್ಲ, ಮದ್ರಾಸ್ ಮೇಲ್ ಗಾಡೀನ ತಪ್ಪಿಸಿ ಹೈದರಾಬಾದ್ ಹಾದಿಗಿ ಹಚ್ಚಿದ್ನಂತ. ಮಂದಿ ಎಲ್ಲಾ ಇಡ್ಲಿ ತಿನ್ನಾಕ ಹೊಂಟೋರು ಬಿರ್ಯಾನಿ ತಿಂದು ಬಂದ್ರಂತ."

ಅಜ್ಜ ಕಾಲು ಝಾಡಿಸಿ ಎದ್ದು ಕುಳಿತ. "ಯಾವ ಬದ್ಮಾಶ ಹೇಳಿದ ನಿನಗ?"

"ಮಂದಿ ಅಂತಾರಪ್ಪ."

"ಮಂದಿ ಬಾಯಾಗ ಮಣ್ಣು ಹಾಕ. ನನ್ನ ನೌಕರಿ ಮುಗಿಯೋತನಕ ಒಂದ್ ಗಾಡಿ ತಪ್ಪಿಲ್ಲ. ಮಳಿ ಇರಲಿ, ದೀಪ ಆರಲಿ, ಹಳಿ ಕೈಲೆ ಮುಟ್ಟಿ ನೋಡ್ತಿದ್ದೆ. ಕುಂದ್ರು ಇಲ್ಲಿ, ಹೇಳ್ತೀನಿ."

ಚಹಾ ಬರುವವರೆಗೂ ಹೇಳಿದ. ಚಹಾ ಆರಿ ಹೋದರೂ ಹೇಳಿದ. ಆವತ್ತು ರಾತ್ರಿ ಎರಡು ರೊಟ್ಟಿ ಕೇಳಿ ಉಂಡ.

ಚಿಂಚೋಳಿ ಅಜ್ಜಿಗೆ ತನ್ನ ಕೈಯಿಂದ ಉಣ್ಣುವುದೂ ಮರೆತಂತಾಗಿತ್ತು. ತುತ್ತು ಮಾಡಿ ಬಾಯಿಗಿಡಬೇಕಿತ್ತು. ಅಂಥವಳ ಎದುರು ಖಾಲಾ, "ಚಿಂಚೋಳಿ ಕಡಿ ಹೆಣ್ಣಮಕ್ಕಳಿಗಿ ರೊಟ್ಟಿ ಬಡಿಯಾಕ ಬರಂಗಿಲ್ಲಂತ. ಬಡದ್ರ ತೂತು ಬೀಳ್ತದಂತ" ಎಂದಳು. ಅಜ್ಜಿ ಹಾಸಿಗೆಯಿಂದ ಇಳಿದು, ಬರಿಯ ಫರ್ಸಿಯ ಮೇಲೆ ಎರಡೂ ಅಂಗೈ ಇಟ್ಟು ಇಲ್ಲದ ಹಿಟ್ಟನ್ನು ತಿರುವಿ ತಿರುವಿ ಬಡಿಯತೊಡಗಿದಳು. ಆ ಸಪ್ಪಳ ಎಷ್ಟು ಸರಿಯಾಗಿತ್ತೆಂದರೆ ಮಲಗಿದ್ದ ಇಬ್ಬರು ಮುಖ ತಿರುಗಿಸಿ ನೋಡಿದರು. "ಎಲ್ಲ್ಯದ ತೂತು? ತೋರ್ಸು!" ಎಂದು ಅಜ್ಜಿ ಕೇಳುತ್ತಿದ್ದಳು.

ನಾನು ಖಾಲಾಳನ್ನು ಪಕ್ಕಕ್ಕೆ ಕರೆದು, ವಯಸ್ಸಾದವರನ್ನು ಹೀಗೆ ಕೆಣಕಬಾರದೆಂದೆ. ಆಕೆ ತಲೆಯ ಸೆರಗು ಸರಿಮಾಡಿಕೊಂಡಳು.

"ನೆಟ್ಟಗ ಕೇಳಿದ್ರ ಏನಿಲ್ಲ ಅಂತಾರ್ರಿ ಅಕ್ಕೋರೆ. ತಪ್ಪು ಹೇಳಿದ್ರ ತಡಕೊಳ್ಳಂಗಿಲ್ಲ. ಮನಶಾ ಎಲ್ಲಾ ಬಿಡ್ತಾನ, ಹೊಲ ಬಿಡ್ತಾನ, ಮನಿ ಬಿಡ್ತಾನ. ತನ್ನ ಕತಿ ಮಾತ್ರ ಮಂದಿ ಬಾಯಾಗ ಕೆಡಾಕ ಬಿಡಂಗಿಲ್ಲ."

ಬಹಳ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ, ಮುದುಕರಿಗೆ ಹಳೆಯದನ್ನು ನೆನಪಿಸಿ ಮಾತಾಡಿಸುವುದೂ ಒಂದು ಚಿಕಿತ್ಸೆ ಎಂದು ಹೇಳಿಕೊಟ್ಟರು. ನಾನು ಎಲ್ಲರಂತೆ ಬರೆದುಕೊಂಡೆ. ಬರೆಯುವಾಗ ಆ ಹರಿದ ಕಿವಿ ಅಲ್ಲಾಡಿದಂತಾಯಿತು.

ಖಣಿ ಅಜ್ಜನೊಬ್ಬನೇ ಖಾಲಾಳ ಮಾತಿಗೆ ಬಗ್ಗದವನು. ದೊಡ್ಡ ಆಳು, ಮುಪ್ಪಿನಲ್ಲೂ ಭುಜ ಬಾಗಿಲಷ್ಟು ಅಗಲ. ಖಣಿಯಲ್ಲಿ ಮದ್ದಿಗೆ ಬತ್ತಿ ಹಚ್ಚುತ್ತಿದ್ದವನು ಎಂದಷ್ಟೇ ಹೇಳಿ ಯಾರೋ ಆಸ್ಪತ್ರೆಯಿಂದ ತಂದು ಬಿಟ್ಟಿದ್ದರು. ಒಂದು ಮಾತಿಲ್ಲ. ನಮ್ಮ ನಿವಾಸದ ಹಿಂದೆ ತೊಗರಿ ಹೊಲ, ಅದರಾಚೆ ಒಂದು ಸುಣ್ಣದ ಕಲ್ಲಿನ ಖಣಿ. ಅಲ್ಲಿ ಮಧ್ಯಾಹ್ನ ಮದ್ದು ಹಾರಿಸುತ್ತಿದ್ದರು. ಮೊದಲು ಉದ್ದಕ್ಕೆ ಭೋಂಗಾ, ಅಂದರೆ ಸೈರನ್, ಒಂದು ಸಲ ಕೂಗುತ್ತಿತ್ತು, ಜನ ದೂರ ಸರಿಯಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಗಿಡ್ಡದೊಂದು, ಬತ್ತಿ ಹಚ್ಚಿದರು ಎಂದು; ಬತ್ತಿ ಉರಿದು ಮುಗಿದ ಮೇಲೆ ಸಿಡಿತ. ಉದ್ದ ಭೋಂಗಾ ಕೇಳಿದ ಕೂಡಲೇ ಈ ಅಜ್ಜ ಎದ್ದು ನಿಲ್ಲುತ್ತಿದ್ದ. ಬೆವರು ಇಳಿಯುತ್ತಿತ್ತು, ಸಂಜೆಯವರೆಗೆ ಕುಳಿತುಕೊಳ್ಳುತ್ತಿರಲಿಲ್ಲ, ನೀರೂ ಮುಟ್ಟುತ್ತಿರಲಿಲ್ಲ. ಸಪ್ಪಳಕ್ಕೆ ಹೆದರುತ್ತಾನೆಂದು ಡಾಕ್ಟರು ಕಿವಿಗೆ ಹತ್ತಿ ಇಡಿಸಿದರು. ಅವನು ಅದನ್ನು ಕಿತ್ತೆಸೆದ. ದಿನದಿನಕ್ಕೆ ಸೊರಗುತ್ತಿದ್ದ.

ಖಾಲಾ ಅವನ ಊರು ತಪ್ಪು ಹೇಳಿದಳು, ಹೆಂಡತಿಯ ಬಣ್ಣ ತಪ್ಪು ಹೇಳಿದಳು, ಅವನು ಸೇಂದಿ ಕುಡಿದು ಬಾವಿಗೆ ಬಿದ್ದಿದ್ದ ಎಂದಳು. ಕಲ್ಲಿಗೆ ಹೇಳಿದಂತಾಯಿತು. ಕೊನೆಗೆ ಒಂದು ದಿನ, ಅವನು ಹಾಗೆ ಬೆವರುತ್ತ ನಿಂತಿದ್ದಾಗ, ಕಸಬರಿಗೆ ಹಿಡಿದೇ ಅಂದಳು:

"ಬತ್ತಿ ಹಚ್ಚೋರ ಕೆಲಸ ಭಾಳ ಹಗುರ ಬಿಡು ಕಾಕಾ. ಖಣಿಯಾಗ ಮಂದಿ ಇದ್ರೇನು, ಇರದಿದ್ರೇನು. ಕಡ್ಡಿ ಗೀರೋದು, ಓಡೋದು."

ಅಜ್ಜ ತಿರುಗಿದ. ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿ.

"ಹಾಂಗ ಹಚ್ಚಂಗಿಲ್ಲ. ಜವಾಬು ಬರಬೇಕು."

ಬಿಟ್ಟು ಬಿಟ್ಟು, ಎರಡು ಮೂರು ದಿನ ಹಿಡಿದು ಹೇಳಿದ. ಭೋಂಗಾ ಇಲ್ಲದ ಕಾಲದಲ್ಲಿ ಅವನು ಖಣಿಯ ದಂಡೆಯ ಮೇಲೆ ಕೆಂಪು ವಸ್ತ್ರ ಬೀಸಿ ಕೂಗುತ್ತಿದ್ದನಂತೆ: "ಬತ್ತಿ ಹಚ್ಚತೀನ್ರೋ!" ಕೆಳಗಿದ್ದವರೆಲ್ಲ ಹತ್ತಿ ಹೋಗಿ ಮರೆಯಲ್ಲಿ ಕುಳಿತು ಒಬ್ಬೊಬ್ಬರಾಗಿ ಜವಾಬು ಕೊಡಬೇಕು: "ಮ್ಯಾಲ ಬಂದೀವೋ!" ಆಚೆ ದಂಡೆಯವರ ಏರು ದೂರ, ಅವರ ದನಿ ಕೊನೆಗೆ ಬರುತ್ತದೆ. ಅದು ಬರುವ ತನಕ ಕಡ್ಡಿ ಗೀರುವಂತಿಲ್ಲ. ಸಾಹುಕಾರ ಬಂದು ಬೈದರೂ ಗೀರುವಂತಿಲ್ಲ.

"ಈ ಭೋಂಗಾ ಒದರ್ತದ," ಎಂದ ಅಜ್ಜ. "ಯಾರೂ ಜವಾಬು ಕೊಡಂಗಿಲ್ಲ. ಮಂದಿ ಇನ್ನಾ ಕೆಳಗೇ ಇದ್ದಾರ."

ದಿನಾ ಮಧ್ಯಾಹ್ನ ಅವನು ಬೆವರುತ್ತ ನಿಲ್ಲುತ್ತಿದ್ದುದು ಇದಕ್ಕೆ. ಅವನ ಲೆಕ್ಕದಲ್ಲಿ ದಿನಾ ಅಷ್ಟು ಜನ ಸಾಯುತ್ತಿದ್ದರು.

ಮರುದಿನ ಉದ್ದ ಭೋಂಗಾ ಆಗುವ ಹೊತ್ತಿಗೆ ಖಾಲಾ ನಡೆಯಬಲ್ಲವರನ್ನೆಲ್ಲ ಪಡಸಾಲೆಗೆ ತಂದು ಸಾಲಾಗಿ ಕೂರಿಸಿದ್ದಳು. ಭೋಂಗಾ ನಿಂತ ಕೂಡಲೇ ವಾಡಿ ಅಜ್ಜ ಗಂಟಲು ಸರಿಮಾಡಿಕೊಂಡು "ಮ್ಯಾಲ ಬಂದೀವೋ!" ಎಂದ. ಚಿಂಚೋಳಿ ಅಜ್ಜಿ ಕೀರಲು ದನಿಯಲ್ಲಿ "ಬಂದೀವೋ" ಎಂದಳು. ಒಬ್ಬರಾದ ಮೇಲೆ ಒಬ್ಬರು. ಖಾಲಾ ಮಾತ್ರ ಹಿತ್ತಲ ಬೇವಿನ ಮರದವರೆಗೆ ಓಡಿ ಹೋಗಿ, ಎಲ್ಲರೂ ಮುಗಿಸಿದ ಮೇಲೆ ದೂರದಿಂದ ಕೂಗಿದಳು. ಖಣಿ ಅಜ್ಜ ಅದನ್ನು ಕೇಳಿದ. ಹೆಗಲ ಟವೆಲ್ಲು ತೆಗೆದು ಮುಖ ಒರೆಸಿದ. ಕುಳಿತ. "ನೀರು ಕೊಡವ್ವಾ" ಎಂದ.

ಅಂದಿನಿಂದ ಅದು ನಿವಾಸದ ರೂಢಿಯಾಯಿತು. ದಿನವಿಡೀ ಗೋಡೆ ನೋಡುತ್ತಿದ್ದವರು ಮಧ್ಯಾಹ್ನದ ಕೂಗಿಗೆ ಕಾಯತೊಡಗಿದರು. ಯಾರ ದನಿ ದೊಡ್ಡದು, ಯಾರದು ಇಲಿಯ ದನಿ ಎಂದು ಹಂಗಿಸಿಕೊಳ್ಳುತ್ತಿದ್ದರು. ಕೂಗಿದ ಮೇಲೆ ಮಾತು ಬರುತ್ತಿತ್ತು, ಮಾತಿನ ಮೇಲೆ ಹಸಿವು. ನಾನು ಮಾತ್ರ ಕೂಗುತ್ತಿರಲಿಲ್ಲ. ಕೆಲಸದ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಅಕ್ಕೋರ ಗಂಟಲಿಗಿ ಬಿ.ಎ. ಅಡ್ಡ ಕುಂತದ" ಎಂದು ಖಾಲಾ ಛೇಡಿಸುತ್ತಿದ್ದಳು.

ಒಂದು ದಿನ ಮಾತ್ರ ಆ ಕೂಗು ಆಗಲಿಲ್ಲ.

ಟ್ರಸ್ಟಿನ ಸೆಕ್ರೆಟರಿ ಸಾಹೇಬರು ಹೊರ ಊರಿನ ದಾನಿಗಳನ್ನು ಕರೆದುಕೊಂಡು ಬರುವವರಿದ್ದರು. ಬೆಳಿಗ್ಗೆಯೇ ಬಂದು, "ಇವತ್ತೊಂದಿನ ಆ ಒದರಾಟ ಬ್ಯಾಡ್ರಿ. ಬಂದೋರು ಹುಚ್ಚಾಸ್ಪತ್ರಿ ಅಂದ್ಕೋತಾರ" ಎಂದರು.

"ಸಾಹೇಬ್ರ, ಒಂದ್ ಸಲ ಒದರಿದ್ರ ಮುಗೀತದ," ಎಂದಳು ಖಾಲಾ. "ಇಲ್ಲಂದ್ರ ಅಜ್ಜ ಕುಂದ್ರಂಗಿಲ್ರಿ."

"ಕುಂದ್ರಸ್ರಿ. ಅದಕ್ಕೇ ಅಲ್ಲೇನು ನೀವಿರೋದು?"

ಎಲ್ಲರಿಗೂ ಒಗೆದ ಬಟ್ಟೆ ಉಡಿಸಿ ದೊಡ್ಡ ಕೋಣೆಯಲ್ಲಿ ಕೂರಿಸಿದೆವು. ದಾನಿಗಳು ಕುರ್ಚಿಯಲ್ಲಿ, ನಮ್ಮವರು ಚಾಪೆಯ ಮೇಲೆ. ಭಾಷಣದ ನಡುವೆ ಉದ್ದ ಭೋಂಗಾ ಕೂಗಿತು. ವಾಡಿ ಅಜ್ಜ ಬಾಯಿ ತೆರೆದು, ಸೆಕ್ರೆಟರಿಯವರ ಕಡೆ ನೋಡಿ ಮುಚ್ಚಿಕೊಂಡ. ಚಿಂಚೋಳಿ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಉಳಿದವರು ನೆಲ ನೋಡಿದರು. ಖಣಿ ಅಜ್ಜ ಎದ್ದು ನಿಂತಿದ್ದ. ಒಬ್ಬೊಬ್ಬರ ಮುಖ ನೋಡಿದ. ನಂತರ ಬಾಗಿಲಿನಿಂದ ಹೊರಗೆ ಹೋದ. ಮೋರಿಗೆ ಹೋದನೆಂದುಕೊಂಡೆವು.

ಖಾಲಾ ಹಿಂದೆಯೇ ಎದ್ದು ಹೋದವಳು ಕಿಟಕಿಯಿಂದ ನನ್ನನ್ನು ಕರೆದಳು. "ಅಕ್ಕೋರೆ, ಮುದುಕ ಇಲ್ಲ. ತೊಗರಿ ಅಲ್ಲಾಡಲಿಕತ್ತದ."

ಎದೆಯೆತ್ತರದ ತೊಗರಿಯಲ್ಲಿ ಒಂದು ಸೀಳು ಖಣಿಯ ಕಡೆಗೆ ಸಾಗುತ್ತಿತ್ತು. ನಾವಿಬ್ಬರೂ ಅದರ ಹಿಂದೆ ಓಡಿದೆವು. ಕೆಂಪು ಬಾವುಟದ ಕಾವಲುಗಾರ ಇರುವುದು ಬಂಡಿ ದಾರಿಯ ಬಾಯಲ್ಲಿ. ಹೊಲದ ಕಡೆಯಿಂದ ಬರುವವರು ಅವನಿಗೆ ಕಾಣುವಂತಿರಲಿಲ್ಲ. ನಮ್ಮ ಕೂಗು ಗಾಳಿಗೆ ಎದುರಾಗಿ ಹೋಗಲಿಲ್ಲ.

ಅಜ್ಜ ಖಣಿಯ ಈಚೆ ದಂಡೆಯ ತುದಿಯಲ್ಲಿ ನಿಂತು ಹೆಗಲ ಟವೆಲ್ಲು ಬೀಸುತ್ತಿದ್ದ. "ಬತ್ತಿ ಹಚ್ಚತೀನ್ರೋ!" ಎಂದು ಖಾಲಿ ಹಳ್ಳಕ್ಕೆ ಕೂಗುತ್ತಿದ್ದ. ಅಂಥ ದನಿ ಅವನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಯಾರೂ ಇರಲಿಲ್ಲ. ಮದ್ದು ತುಂಬಿದ ಕಲ್ಲಿನ ಹಾಸು ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು.

ನಾನು ಅವನ ತೋಳು ಹಿಡಿದು ಎಳೆದೆ. ಬೇವಿನ ಮರ ಎಳೆದಂತೆ. "ಬರ್ರಿ ಅಜ್ಜಾ, ಕಾಲಿಗೆ ಬೀಳ್ತೀನಿ" ಎಂದೆ. "ಎಲ್ಲಾರೂ ಮೇಲೆ ಬಂದಾರ, ನಾ ನೋಡೀನಿ" ಎಂದೆ. ಅವನು ನನ್ನ ಕಡೆ ನೋಡಲೂ ಇಲ್ಲ.

"ಆಚಿ ದಂಡಿಯವರು ಜವಾಬು ಕೊಟ್ಟಿಲ್ಲ" ಎಂದ.

ಗಿಡ್ಡ ಭೋಂಗಾ ಕೂಗಿತು.

ಆಗ ಖಾಲಾ ಒಮ್ಮೆ ನನ್ನ ಮುಖ ನೋಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡೆಯ ಗುಂಟ ಓಡಿದಳು. ಅತ್ತ ಕಡೆ ಮರೆಯಿಲ್ಲ, ಮರವಿಲ್ಲ. ಬಂಡಿಯ ಗಾಲಿ ಕೊರೆದ ಜಾಡು ಬಿಟ್ಟರೆ ಬೋಳು ನೆಲ. ದಪ್ಪ ಮೈ, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ನನ್ನ ಕನಸಿನಲ್ಲಿ ಆಕೆ ಇವತ್ತಿಗೂ ಆ ದಂಡೆಯ ಮೇಲೆ ಓಡುತ್ತಿರುತ್ತಾಳೆ. ಕನಸಿನಲ್ಲಿ ಒಮ್ಮೆಯೂ ಆಚೆ ಮುಟ್ಟಿಲ್ಲ.

ಮುಟ್ಟಿದಳು. ಆಚೆ ದಂಡೆಯಿಂದ, ಉಸಿರು ಕಟ್ಟಿದ ದನಿಯಲ್ಲಿ ಕೂಗಿದಳು: "ಮ್ಯಾಲ ಬಂದೀವೋ ಕಾಕಾ! ಮ್ಯಾಲ ಬಂದೀವೋ!"

ಅಜ್ಜ ಟವೆಲ್ಲು ಇಳಿಸಿದ. ಮರುಕ್ಷಣ ಅವನು ಬೇರೆ ಮನುಷ್ಯನಾದ. ನನ್ನ ಮಣಿಕಟ್ಟು ಹಿಡಿದು ಹಿಂದಿನ ಕಲ್ಲುಗುಂಪಿಯ ಮರೆಗೆ ಎಳೆದೊಯ್ದು, ತಲೆ ಒತ್ತಿ ಕೂರಿಸಿ, ಮೇಲೆ ತನ್ನ ಮೈ ಅಡ್ಡ ಹಾಕಿದ. "ಬಾಯಿ ತಗದಿಟ್ಕೋ, ಇಲ್ಲಂದ್ರ ಕಿವಿ ಒಡೀತಾವ" ಎಂದ. ನೆಲ ಎದ್ದು ಕುಳಿತಂತಾಯಿತು. ಆಮೇಲೆ ಕಲ್ಲುಗಳು ಬೀಳುವ ಸಪ್ಪಳ, ಎಷ್ಟೋ ಹೊತ್ತು.

ಧೂಳಿನಲ್ಲಿ ಆಚೆ ದಂಡೆ ಕಾಣಲಿಲ್ಲ. "ಖಾಲಾ!" ಎಂದು ಕೂಗಿದೆ. ಜವಾಬಿಲ್ಲ. ಮತ್ತೆ ಕೂಗಿದೆ. ಏಳಲು ಹೋದರೆ ಅಜ್ಜ ಬಿಡಲಿಲ್ಲ. ಅವನ ಜೀವಮಾನದ ಭಯ ಎಂಥದ್ದೆಂದು ನನಗೆ ಆಗ ತಿಳಿಯಿತು. ಕೂಗಿ, ಕಿವಿಗೊಟ್ಟು, ಏನೂ ಕೇಳದೆ ಕುಳಿತಿರುವುದು.

ಧೂಳು ತೆಳುವಾದ ಮೇಲೆ ಆಕೆ ನಡೆದು ಬಂದಳು. ಬಂಡಿಯ ಜಾಡಿನಲ್ಲಿ ಬೋರಲು ಮಲಗಿದ್ದಳಂತೆ. ಮೈಯೆಲ್ಲ ಸುಣ್ಣದ ಬಿಳುಪು, ಭುಜದ ಮೇಲೆ ರಕ್ತ. ಎರಡೂ ಕಿವಿಗಳಿಂದ ಸಣ್ಣಗೆ ಕೆಂಪು ಇಳಿಯುತ್ತಿತ್ತು. ಹತ್ತಿರ ಬಂದರೂ ಕಿರುಚಿಯೇ ಮಾತಾಡಿದಳು:

"ಕಾಕಾಗ ಕೇಳ್ತೇನು ನನ್ನ ಜವಾಬು?"

"ಕೇಳ್ತು" ಎಂದೆ. "ಕೇಳ್ತೇನು?" ಎಂದು ಮತ್ತೆ ಕಿರುಚಿದಳು. ನಾನು ತಲೆಯಾಡಿಸಿದೆ.

ಗುಲ್ಬರ್ಗಾದ ಡಾಕ್ಟರು ಕಿವಿಯ ಪರದೆಗಳು ಹೋಗಿವೆ, ಮುಂದೆ ಕೇಳಿಸುವುದು ಕಷ್ಟ ಎಂದರು. ಸೆಕ್ರೆಟರಿ ಸಾಹೇಬರು ಆಸ್ಪತ್ರೆಗೆ ಬಂದು ತಲೆ ತಗ್ಗಿಸಿ ಕುಳಿತು ಹೋದರು. ಕೂಗಿಗೆ ಆಮೇಲೆ ಯಾರೂ ಅಡ್ಡ ಬರಲಿಲ್ಲ. ಖಾಲಾ ಆಯಾ ಆಗಿದ್ದ ಜಾಗದಲ್ಲೇ ತಾನೂ ಒಂದು ಹಾಸಿಗೆಯ ನಿವಾಸಿಯಾದಳು. "ಹೊರಗಿನ ಕಿವಿ ಹರದಿತ್ತು, ಒಳಗಿಂದೂ ಹರೀತು. ಜೋಡಿ ಆಯ್ತು ಬಿಡ್ರಿ" ಎಂದಳು.

ತಪ್ಪು ಕಥೆ ಹೇಳುವುದನ್ನು ಆಕೆ ಬಿಡಲಿಲ್ಲ. ಹೇಳಿ, ಎದುರಿನವರ ಬಾಯಿ ಸಿಟ್ಟಿನಿಂದ ಆಡುವುದನ್ನು ನೋಡುತ್ತ ಕೂರುತ್ತಿದ್ದಳು. ತಿದ್ದಿದ ಕಥೆ ಆಕೆಗೆ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರ ಬಾಯಿ ತೆರೆದು ಮುಚ್ಚಿದ ಮೇಲೆ, ಎಲ್ಲರಿಗಿಂತ ತಡವಾಗಿ, ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕೂಗುತ್ತಿದ್ದಳು. ಖಣಿ ಅಜ್ಜ ಆ ಕೊನೆಯ ದನಿಗೆ ಕಾಯ್ದು ಕೂರುತ್ತಿದ್ದ. ಒಂದು ಚಳಿಗಾಲ ಅವನು ಮಲಗಿದಲ್ಲೇ ಹೋದ. ಅವನು ಹೋದ ಮೇಲೂ ಪಡಸಾಲೆಯವರು ಕೂಗು ನಿಲ್ಲಿಸಲಿಲ್ಲ, ಆಕೆಯ ದನಿ ಬರುವ ಮುನ್ನ ಒಳಗೆ ಹೋಗಲಿಲ್ಲ.

ಆಕೆಯ ಕಥೆ ಯಾರಿಗೂ ಗೊತ್ತಿರಲಿಲ್ಲ. ಜ್ವರ ಹಿಡಿದು ಎದ್ದು ಕೂರಲಾರದಂತಾದಾಗ ಒಂದು ಸಂಜೆ ನಾನು ಹಾಸಿಗೆಯ ಪಕ್ಕ ಕುಳಿತು, ನನ್ನ ಕಿವಿ ಹಿಡಿದು ತೋರಿಸಿದೆ. ಇಲ್ಲದ ಮೀಸೆ ತಿರುವಿದೆ. ಕಿವಿ ಜಗ್ಗಿ ಎಳೆದಂತೆ ಮಾಡಿ, "ನಿನ್ನ ಗಂಡ ಎಳೆದು ಹರಿದ, ಹೌದಲ್ಲ?" ಎಂದು ನಿಧಾನಕ್ಕೆ ಬಾಯಿ ಆಡಿಸಿದೆ.

ಖಾಲಾ ನನ್ನನ್ನೇ ನೋಡಿದಳು. ಮುಖಕ್ಕೆ ಸಿಟ್ಟು ಬಂತು. ವಾಡಿ ಅಜ್ಜನ ಮುಖದಲ್ಲಿ ನಾನು ಕಂಡಿದ್ದ ಸಿಟ್ಟು.

"ಛೀ! ಅಂವಾ ದೇವರಂಥ ಮನಶಾ. ಯಾರು ಹೇಳಿದ್ರು ನಿನಗ?"

ಹಾಗೆ ಬಂತು ಅದು. ಚಂದ್ರಂಪಳ್ಳಿಯ ಕಡೆ ಅಡವಿಯ ಅಂಚಿಗೆ ಅವರ ಮನೆ. ಎರಡು ವರ್ಷದ ಮಗಳು. ತೊಡೆಯ ಮೇಲೆ ಕುಣಿಯುತ್ತ, ನಗುತ್ತ, ಹೊಸ ರಿಂಗು ಹಿಡಿದು ಜಗ್ಗಿದಳಂತೆ. ಹಾಲೆ ಹರಿಯಿತು. ನೋವಿಗೆ ಒಂದೇಟು ಹಾಕಿದಳಂತೆ. ಜೀವಮಾನದಲ್ಲಿ ಅದೊಂದೇ ಏಟು. ಆ ವಾರವೇ ಚಳಿಜ್ವರ ಬಂದು ಮಗು ಹೋಯಿತು. ಅದರ ಹಿಂದೆ ಗಂಡನೂ.

"ಹೊಲೀತೀವಿ ಅಂದ್ರು ದವಾಖಾನ್ಯಾಗ. ಬ್ಯಾಡಂದೆ. ಆಕಿ ನನಗ ಬಿಟ್ಟು ಹೋದದ್ದು ಇದೊಂದ ಹರಕ."

ನನ್ನ ಕೈ ಹಿಡಿದು ಕೇಳಿದಳು: "ಇಷ್ಟು ವರ್ಷ ನನ್ನ ಕತಿ ಯಾಕ ತಪ್ಪು ಹೇಳಲಿಲ್ಲ ನೀ?"

ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಊರಿನ ಗಂಡಸರು ಮುಂಜಾನೆ ಬಂದು ಕಬರಸ್ತಾನಕ್ಕೆ ಹೊತ್ತುಕೊಂಡು ಹೋದರು. ನಾವು ಪಡಸಾಲೆಯಲ್ಲಿ ಉಳಿದೆವು. ಯಾರೂ ಉಣ್ಣಲಿಲ್ಲ. ಮಧ್ಯಾಹ್ನ ಉದ್ದ ಭೋಂಗಾ ಕೂಗಿ ನಿಂತಿತು. ವಾಡಿ ಅಜ್ಜ ಗೋಡೆ ಹಿಡಿದು ಎದ್ದು "ಮ್ಯಾಲ ಬಂದೀವೋ" ಎಂದ. ಚಿಂಚೋಳಿ ಅಜ್ಜಿ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಕೂಗಿದರು. ಆಮೇಲೆ ಎಲ್ಲರೂ ನಿಂತೇ ಇದ್ದರು, ಖಾಲಾ ಕೂರುತ್ತಿದ್ದ ಕಂಬದ ಕಡೆ ಮುಖ ಮಾಡಿ. ಯಾರೂ ಕೂರಲಿಲ್ಲ.

ನಾನು ಪಡಸಾಲೆ ಇಳಿದು ಹಿತ್ತಲಿಗೆ ಹೋದೆ. ಬೇವಿನ ಮರದ ಹತ್ತಿರ ನಿಂತೆ.

"ಮ್ಯಾಲ ಬಂದೀವೋ!"

ತಿರುಗಿ ನೋಡಿದೆ. ಒಬ್ಬೊಬ್ಬರಾಗಿ ಕುಳಿತುಕೊಳ್ಳುತ್ತಿದ್ದರು.